ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮಿಂಟ್, ಬಿಸಿಎ ಲ್ಯಾಬ್: ಏನನ್ನು ಎಲ್ಲಿ ಹಾಕಬೇಕು?

ಪ್ರಶ್ನೆ: ಸರ್, ನಾನು ಮೂಡಿಗೆರೆ ಕಡೆಯವಳು. ಚಿಕ್ಕಮಗಳೂರಿನಲ್ಲಿ ಬಿಸಿಎ ಓದುತ್ತಿದ್ದೇನೆ. ಚಿಕ್ಕಪ್ಪ ತಮ್ಮ ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ. 4 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ವಿಂಡೋಸ್ 10 ತುಂಬಾ ನಿಧಾನ ಆಗಿದ್ದಕ್ಕೆ ಸೀನಿಯರ್ ಒಬ್ಬರು ಲಿನಕ್ಸ್ ಮಿಂಟ್ 22 (ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆಪರೇಟಿಂಗ್ ಸಿಸ್ಟಂ) ಹಾಕಿಕೊಟ್ಟರು. ಲ್ಯಾಬ್‌ಗೆ ಸಿ, ಜಾವಾ, ಪೈಥಾನ್, ಮೈಎಸ್‌ಕ್ಯೂಎಲ್ ಎಲ್ಲಾ ಬೇಕು. ಪಿಪ್‌ನಲ್ಲಿ (ಪೈಥಾನ್ ಲೈಬ್ರರಿಗಳನ್ನು ತಂದು ಹಾಕುವ ಟೂಲ್) ನಂಪೈ ಎಂಬ ಗಣಿತದ ಲೈಬ್ರರಿ ಹಾಕಲು ಹೋದರೆ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್‌ಮೆಂಟ್' ಅಂತ ಎರರ್ ಬರುತ್ತದೆ. 'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಅಂತ ಸೇರಿಸಿದರೆ ಆಗುತ್ತೆ ಎಂದು ಒಬ್ಬರು ಹೇಳಿದರು. ಪೈಥಾನ್ ಪೂರ್ತಿ ತೆಗೆದು ಹೊಸದಾಗಿ ಹಾಕು ಎಂದು ಇನ್ನೊಬ್ಬರು. ಕಾಲೇಜಿನಲ್ಲಿ ವೈಫೈ ಇದೆ. ಮನೆಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮಾತ್ರ, ದಿನಕ್ಕೆ 1.5 ಜಿಬಿ. ಮಳೆ ಶುರುವಾದರೆ ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿಯೂ ನಿಲ್ಲುವುದಿಲ್ಲ. ಎಲ್ಲಿಂದ ಶುರು ಮಾಡಲಿ? ವಿಎಸ್ ಕೋಡ್ ಎಡಿಟರ್ ಈ ಲ್ಯಾಪ್‌ಟಾಪ್‌ನಲ್ಲಿ ಓಡುತ್ತಾ?

ಉತ್ತರ: ಮೊದಲು ಅವಸರದ ವಿಷಯ ಹೇಳಿಬಿಡುತ್ತೇನೆ. ಪೈಥಾನ್ ತೆಗೆದು ಹೊಸದಾಗಿ ಹಾಕುವ ಕೆಲಸಕ್ಕೆ ದಯವಿಟ್ಟು ಕೈ ಹಾಕಬೇಡಿ. ನಿಮ್ಮ ಮಿಂಟ್‌ನಲ್ಲಿರುವ ಪೈಥಾನ್ ನಿಮ್ಮ ಲ್ಯಾಬ್‌ಗೋಸ್ಕರ ಬಂದದ್ದಲ್ಲ. ಅದು ಮಿಂಟ್ ತನ್ನ ಕೆಲಸಕ್ಕೆ ಇಟ್ಟುಕೊಂಡಿರುವುದು. ಅಪ್‌ಡೇಟ್ ಮ್ಯಾನೇಜರ್, ಸಾಫ್ಟ್‌ವೇರ್ ಮ್ಯಾನೇಜರ್ ಎರಡೂ ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂಗಳು. ಸಾಫ್ಟ್‌ವೇರ್ ಹಾಕಲು, ತೆಗೆಯಲು ಮಿಂಟ್‌ನಲ್ಲಿ ನೀವು ಟೈಪ್ ಮಾಡುವ 'ಆಪ್ಟ್' ಕಮಾಂಡ್ ಕೂಡ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ಮೂಲಕವೇ ಓಡುತ್ತದೆ. ಆ ಪೈಥಾನ್ ತೆಗೆಯಲು ಹೋದರೆ ಅದನ್ನು ನಂಬಿಕೊಂಡ ನೂರಾರು ಪ್ಯಾಕೇಜ್‌ಗಳೂ ಜೊತೆಗೇ ಹೊರಟುಬಿಡುತ್ತವೆ. ಡೆಸ್ಕ್‌ಟಾಪೇ ಹೋಗಬಹುದು. ಆಮೇಲೆ ಲ್ಯಾಪ್‌ಟಾಪ್ ಆನ್ ಮಾಡಿದರೆ ಕಪ್ಪು ಪರದೆ ಮೇಲೆ ಲಾಗಿನ್ ಕೇಳುತ್ತಾ ಕೂರುತ್ತದೆ. ಹೊಸದಾಗಿ ಲಿನಕ್ಸ್ ಹಾಕಿಕೊಳ್ಳುವ ಹುಡುಗ ಹುಡುಗಿಯರು 'ಲಿನಕ್ಸ್ ಕೆಟ್ಟುಹೋಯ್ತು' ಅಂತ ತರುವ ಲ್ಯಾಪ್‌ಟಾಪ್‌ಗಳಲ್ಲಿ ಜಾಸ್ತಿ ಕಾಣುವ ಕಾರಣ ಇದೇ.

ಈಗ ಆ ಎರರ್‌ಗೆ ಬರೋಣ. ಅದು ಎರರ್ ಅನ್ನುವುದಕ್ಕಿಂತ ಒಂದು ತಡೆ. ಬೇಕಂತಲೇ ಹಾಕಿದ ತಡೆ. ಮೊದಲೆಲ್ಲ ಜನ ಸುಡೊ (ಕಮಾಂಡ್‌ಗೆ ಅಡ್ಮಿನ್ ಅಧಿಕಾರ ಕೊಡುವ ಪದ) ಸೇರಿಸಿ ಪಿಪ್‌ನಿಂದ ಏನೇನೋ ಹಾಕಿಕೊಳ್ಳುತ್ತಿದ್ದರು. ಸಿಸ್ಟಂಗೆ ಬೇಕಾದ ಲೈಬ್ರರಿಯ ಒಂದು ಆವೃತ್ತಿಯನ್ನು ಆಪ್ಟ್ ಇಟ್ಟಿರುತ್ತಿತ್ತು. ಪಿಪ್ ಅದೇ ಹೆಸರಿನ ಇನ್ನೊಂದು ಆವೃತ್ತಿ ತಂದು ಅದರ ಮುಂದೆ ನಿಲ್ಲಿಸುತ್ತಿತ್ತು. ಎರಡಕ್ಕೂ ಪರಸ್ಪರ ಸುದ್ದಿಯೇ ಇಲ್ಲ. ಒಂದು ದಿನ ಅಪ್‌ಡೇಟ್ ಮಾಡಿದಾಗ ಯಾವುದೋ ಸಂಬಂಧವೇ ಇಲ್ಲದ ಪ್ರೋಗ್ರಾಂ ನಿಂತುಹೋಗುತ್ತಿತ್ತು. ಇದಕ್ಕಾಗಿ ಪೈಥಾನ್ ಸಮುದಾಯ ಪೆಪ್ 668 ಎಂಬ ನಿಯಮ ತಂದಿತು. 2023ರಲ್ಲಿ ಬಂದ ಡೆಬಿಯನ್ 12 ಎಂಬ ಲಿನಕ್ಸ್ ಇದನ್ನು ಅಳವಡಿಸಿಕೊಂಡಿತು. ಉಬುಂಟು ಎಂಬ ಇನ್ನೊಂದು ಲಿನಕ್ಸ್ ಕೂಡ ಅದೇ ವರ್ಷ ಅದೇ ದಾರಿ ಹಿಡಿಯಿತು. ನಿಮ್ಮ ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, ಹಾಗಾಗಿ ನಿಮಗೂ ಬಂತು.

ಪಿಪ್‌ಗೆ ಇದು ಹೇಗೆ ಗೊತ್ತಾಗುತ್ತದೆ ಅಂದರೆ, ಸಿಸ್ಟಂ ಪೈಥಾನ್ 3.12ರ ಫೋಲ್ಡರ್‌ನಲ್ಲಿ 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಎಂಬ ಹೆಸರಿನ ಒಂದು ಸಣ್ಣ ಫೈಲ್ ಇದೆ. ಆ ಫೈಲ್ ಕಂಡರೆ ಪಿಪ್ ಹಿಂದೆ ಸರಿಯುತ್ತದೆ. ಆ ಫೈಲನ್ನೇ ಅಳಿಸಿ ಎಂದು ಹೇಳುವವರೂ ಸಿಗುತ್ತಾರೆ. ಅದೂ ಬೇಡ. ಎರರ್ ಬಂದಾಗ ಕೆಳಗೆ ನಾಲ್ಕಾರು ಸಾಲು ಇಂಗ್ಲಿಷ್ ಇರುತ್ತದೆ ಅಲ್ವಾ, ಅದನ್ನು ಪೂರ್ತಿ ಓದಿ ನೋಡಿ. ಮೊದಲು ಆಪ್ಟ್‌ನಲ್ಲಿ ಹುಡುಕಿ, ಇಲ್ಲದಿದ್ದರೆ ವೆನ್ವ್ (ಪ್ರಾಜೆಕ್ಟ್‌ಗೆಂದೇ ಬೇರೆ ಇಡುವ ಪೈಥಾನ್ ಜಾಗ, ಮುಂದೆ ವಿವರಿಸುತ್ತೇನೆ) ಮಾಡಿಕೊಳ್ಳಿ ಎಂದು ಅದರಲ್ಲೇ ಬರೆದಿದೆ. ಪರಿಹಾರ ಎರರ್ ಒಳಗೇ ಇದೆ. ಅರ್ಧ ಓದಿ ಬೇರೆಯವರನ್ನು ಕೇಳಿದರೆ ತಲೆಗೊಂದು ಮಾತು ಬರುತ್ತದೆ.

'ಬ್ರೇಕ್ ಸಿಸ್ಟಂ ಪ್ಯಾಕೇಜಸ್' ಹಾಕಿದರೆ ಆ ಕ್ಷಣಕ್ಕೆ ಏನೂ ಆಗದೇ ಇರಬಹುದು. ನಂಪೈ ಬರುತ್ತದೆ, ಪ್ರೋಗ್ರಾಂ ಓಡುತ್ತದೆ. ಅದಕ್ಕೇ ಆ ಸಲಹೆ ಇಷ್ಟು ಹರಡಿರುವುದು. ಆದರೆ ಸುಡೊ ಇಲ್ಲದೆ ಹಾಕಿದರೂ ಅದು ನಿಮ್ಮ ಹೋಮ್ ಫೋಲ್ಡರ್‌ನ ಒಳಗಿನ ಒಂದು ಜಾಗಕ್ಕೆ ಹೋಗಿ ಕೂರುತ್ತದೆ, ಮತ್ತು ನೀವು ಓಡಿಸುವ ಎಲ್ಲಾ ಪೈಥಾನ್ ಪ್ರೋಗ್ರಾಂಗಳೂ ಮೊದಲು ಅಲ್ಲೇ ಹುಡುಕುತ್ತವೆ. ಸುಡೊ ಸೇರಿಸಿದರಂತೂ ಇಡೀ ಸಿಸ್ಟಂಗೇ ಅನ್ವಯ. ತೊಂದರೆ ತಿಂಗಳುಗಟ್ಟಲೆ ಬಿಟ್ಟು ಬರುತ್ತದೆ. ಆಗ ಯಾವುದರಿಂದ ಬಂತು ಅಂತ ಹುಡುಕುವುದು ಕಷ್ಟ. ಈಗಾಗಲೇ ಒಂದೆರಡು ಹಾಕಿದ್ದರೆ ಗಾಬರಿ ಬೇಡ. 'ಪಿಪ್ ಲಿಸ್ಟ್ --ಯೂಸರ್' ಅಂತ ಕೊಟ್ಟರೆ ನೀವು ಹಾಕಿದ್ದು ಮಾತ್ರ ಕಾಣುತ್ತದೆ. ಅವನ್ನು ಒಂದೊಂದಾಗಿ ಅನ್‌ಇನ್‌ಸ್ಟಾಲ್ ಮಾಡಿ. ತೆಗೆಯುವಾಗಲೂ ಪಿಪ್ ಅದೇ ತಡೆ ಒಡ್ಡುತ್ತದೆ. ಆ ಒಂದು ಕೆಲಸಕ್ಕೆ ಮಾತ್ರ ಆ ಆಯ್ಕೆ ಬಳಸಬಹುದು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ. ಕಂಪೈಲರ್, ಜೆಡಿಕೆ (ಜಾವಾ ಪ್ರೋಗ್ರಾಂ ಬರೆಯಲು ಬೇಕಾದ ಕಿಟ್), ಡೇಟಾಬೇಸ್, ಎಡಿಟರ್ ಇವೆಲ್ಲ ಸಿಸ್ಟಂನ ಸಾಮಾನು. ಅವು ಆಪ್ಟ್ ಕೈಯಿಂದ ಬರಲಿ, ಆಪ್ಟ್ ಕೈಯಿಂದಲೇ ಹೋಗಲಿ. ನಿಮ್ಮ ಪ್ರಾಜೆಕ್ಟ್‌ಗೆ ಬೇಕಾದ ಲೈಬ್ರರಿಗಳು ನಿಮ್ಮ ಸಾಮಾನು. ಅವು ನಿಮ್ಮ ಹೋಮ್ ಫೋಲ್ಡರ್‌ನಲ್ಲಿ, ಆಯಾ ಪ್ರಾಜೆಕ್ಟ್ ಒಳಗೇ ಇರಲಿ, ಅವಕ್ಕೆ ಸುಡೊ ಸೋಕಬಾರದು. ಏನನ್ನಾದರೂ ಹಾಕುವ ಮೊದಲು 'ಇದು ಯಾರ ಸಾಮಾನು?' ಎಂದು ಕೇಳಿಕೊಳ್ಳಿ. ಈ ಪ್ರಶ್ನೆ ಅಭ್ಯಾಸ ಆದರೆ ಮುಂದೆ ನೀವು ಯಾವ ಭಾಷೆ ಕಲಿತರೂ ದಾರಿ ತಪ್ಪುವುದಿಲ್ಲ.

ಒಂದು ಮಾತು. ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲಿ ಮಾಡಿ. ಪ್ಯಾಕೇಜ್ ಹೆಸರಿನ ಸ್ಪೆಲಿಂಗ್ ಅನುಮಾನ ಬಂದರೆ ಮೊದಲ ಕೆಲವು ಅಕ್ಷರ ಹಾಕಿ ಟ್ಯಾಬ್ ಕೀ ಎರಡು ಸಲ ಒತ್ತಿ, ಟರ್ಮಿನಲ್ ತಾನೇ ತೋರಿಸುತ್ತದೆ.

ನಿಮ್ಮ ಪರಿಸ್ಥಿತಿಯಲ್ಲಿ ಡೌನ್‌ಲೋಡ್ ಮಾಡುವುದನ್ನೂ ಇನ್‌ಸ್ಟಾಲ್ ಮಾಡುವುದನ್ನೂ ಬೇರೆ ಬೇರೆ ಮಾಡಿಕೊಳ್ಳುವುದು ಜಾಣತನ. ಆಪ್ಟ್‌ನಲ್ಲಿ ಅದಕ್ಕೆ ದಾರಿ ಇದೆ. ಕಾಲೇಜಿನ ವೈಫೈನಲ್ಲಿ ಕೂತು ಮೊದಲು ಪಟ್ಟಿ ಹೊಸದು ಮಾಡಿಕೊಳ್ಳಿ:

ಸುಡೊ ಆಪ್ಟ್ ಅಪ್‌ಡೇಟ್

ಆಮೇಲೆ ಬೇಕಾದ್ದನ್ನೆಲ್ಲ ಒಂದೇ ಸಾಲಿನಲ್ಲಿ:

ಸುಡೊ ಆಪ್ಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಬಿಲ್ಡ್-ಎಸೆನ್ಷಿಯಲ್ ಜಿಡಿಬಿ ಗಿಟ್ ಗೀನಿ ಪೈಥಾನ್3-ವೆನ್ವ್ ಪೈಥಾನ್3-ಪಿಪ್ ಪೈಥಾನ್3-ಟಿಕೆ ಡಿಫಾಲ್ಟ್-ಜೆಡಿಕೆ ಮರಿಯಾಡಿಬಿ-ಸರ್ವರ್

ಇದು ಫೈಲ್‌ಗಳನ್ನು ತಂದು ಇಡುತ್ತದೆ ಅಷ್ಟೇ, ಏನನ್ನೂ ಇನ್‌ಸ್ಟಾಲ್ ಮಾಡುವುದಿಲ್ಲ. ಮಧ್ಯದಲ್ಲಿ ವೈಫೈ ಕಡಿದುಹೋದರೆ ಅದೇ ಸಾಲನ್ನು ಮತ್ತೆ ಓಡಿಸಿ. ಬಂದಷ್ಟು ಉಳಿದಿರುತ್ತದೆ, ಮಿಕ್ಕಿದ್ದು ಮಾತ್ರ ಬರುತ್ತದೆ. ಮನೆಗೆ ಬಂದ ಮೇಲೆ, ಕರೆಂಟ್ ಗಟ್ಟಿಯಾಗಿರುವ ಹೊತ್ತು ನೋಡಿ, ಅದೇ ಸಾಲಿನಿಂದ 'ಡೌನ್‌ಲೋಡ್-ಓನ್ಲಿ' ತೆಗೆದು ಓಡಿಸಿ. ಹಾಟ್‌ಸ್ಪಾಟ್ ಬೇಕಾಗುವುದೇ ಇಲ್ಲ. ತುಂಬಾ ದಿನ ಬಿಡಬೇಡಿ. ನಡುವೆ ಮತ್ತೆ ಅಪ್‌ಡೇಟ್ ಮಾಡಿದರೆ ಹೊಸ ಆವೃತ್ತಿ ಬಂದಿದ್ದ ಪ್ಯಾಕೇಜ್‌ಗಳನ್ನು ಮತ್ತೆ ಕೇಳಬಹುದು.

ಆಪ್ಟ್ 'ಮುಂದುವರಿಯಲಾ?' ಎಂದು ಕೇಳಿದಾಗ ಸುಮ್ನೆ 'ವೈ' ಒತ್ತಬೇಡಿ. ಮೇಲಿನ ಎರಡು ಸಾಲು ಓದಿ. ಒಂದು ಸಾಲಿನಲ್ಲಿ ಎಷ್ಟು ಪ್ಯಾಕೇಜ್ ಹೊಸದಾಗಿ ಬರುತ್ತವೆ, ಎಷ್ಟು ತೆಗೆಯಲಾಗುತ್ತದೆ ಎಂದು ಇರುತ್ತದೆ. 'ಟು ರಿಮೂವ್' ಎಂಬ ಪದಕ್ಕೆ ಮೊದಲು ಸೊನ್ನೆ ಇರಬೇಕು. ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಅಲ್ಲಿಗೇ 'ಎನ್' ಒತ್ತಿ. ಯಾವುದನ್ನು ತೆಗೆಯುತ್ತಿದೆ ಎಂದು ಮೇಲಿನ ಪಟ್ಟಿಯಲ್ಲಿ ನೋಡಿ. ಪೈಥಾನ್ ತೆಗೆದು ಹಾಕು ಎನ್ನುವ ಸಲಹೆ ಕೇಳಿದವರು ಈ ಒಂದು ಅಂಕಿ ನೋಡಿದ್ದರೂ ಸಾಕಿತ್ತು, ಬಚಾವಾಗುತ್ತಿದ್ದರು. ಇನ್ನೊಂದು ಸಾಲಿನಲ್ಲಿ ಎಷ್ಟು ಎಂಬಿ ಡೌನ್‌ಲೋಡ್ ಆಗುತ್ತದೆ, ಡಿಸ್ಕ್‌ನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂದು ಇರುತ್ತದೆ. ದಿನಕ್ಕೆ 1.5 ಜಿಬಿ ಇರುವವರಿಗೆ ಆ ಸಾಲು ಬಹಳ ಮುಖ್ಯ.

ಕಾಲೇಜಿನಲ್ಲೂ ವೇಗ ಸಿಗದಿದ್ದರೆ ಮಿಂಟ್‌ನ ಸಾಫ್ಟ್‌ವೇರ್ ಸೋರ್ಸಸ್ ತೆರೆಯಿರಿ. ಅದರಲ್ಲಿ ಮೇನ್, ಬೇಸ್ ಎಂದು ಎರಡು ಮಿರರ್ (ಪ್ಯಾಕೇಜ್‌ಗಳ ನಕಲು ಇಟ್ಟಿರುವ ಸರ್ವರ್) ಇವೆ. ಅವುಗಳ ಮೇಲೆ ಕ್ಲಿಕ್ ಮಾಡಿದರೆ ಎಲ್ಲಾ ಸರ್ವರ್‌ಗಳ ವೇಗ ಅಳೆದು ತೋರಿಸುತ್ತದೆ. ಮೇಲೆ ಬಂದದ್ದನ್ನು ಆರಿಸಿ.

ಇನ್ನು ಕರೆಂಟ್. ನಮ್ಮ ಕಡೆ ಜೂನ್, ಜುಲೈನಲ್ಲಿ ಗಾಳಿಗೆ ಒಂದು ಮರ ಲೈನ್ ಮೇಲೆ ಬಿದ್ದರೆ ಸಂಜೆಯ ಕೆಲಸ ಮುಗಿದಂತೆ. ಇನ್‌ಸ್ಟಾಲ್ ನಡುವೆ ಹೀಗಾದರೆ ಮುಂದಿನ ಸಲ ಆಪ್ಟ್ ಓಡಿಸಿದಾಗ 'ಡಿಪಿಕೆಜಿ ವಾಸ್ ಇಂಟರಪ್ಟೆಡ್' ಎನ್ನುತ್ತದೆ. ಲ್ಯಾಪ್‌ಟಾಪ್ ಕೆಟ್ಟಿತು ಎಂದುಕೊಳ್ಳಬೇಡಿ. ಯಾವ ಕಮಾಂಡ್ ಓಡಿಸಬೇಕು ಎಂದು ಅದೇ ಸಾಲಿನಲ್ಲಿ ಹೇಳಿರುತ್ತದೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ

ಅರ್ಧಕ್ಕೆ ನಿಂತ ಪ್ಯಾಕೇಜ್‌ಗಳನ್ನೆಲ್ಲ ಅದು ಮುಗಿಸುತ್ತದೆ. ಆಮೇಲೂ ಏನಾದರೂ ಗೊಣಗಿದರೆ 'ಸುಡೊ ಆಪ್ಟ್ ಇನ್‌ಸ್ಟಾಲ್ -ಎಫ್' ಕೊಡಿ. ಹೆಚ್ಚಿನ ಸಲ ಇಷ್ಟರಲ್ಲೇ ಸರಿಹೋಗುತ್ತದೆ.

ಇದರ ಜೊತೆ ಬರುವ ಇನ್ನೊಂದು ಮೆಸೇಜ್ 'ಕುಡ್ ನಾಟ್ ಗೆಟ್ ಲಾಕ್'. ಹಿಂದೆ ಅಪ್‌ಡೇಟ್ ಮ್ಯಾನೇಜರ್ ಕೆಲಸ ಮಾಡುತ್ತಿದೆ ಎಂದು ಅದರ ಅರ್ಥ. ಹತ್ತು ನಿಮಿಷ ಕಾಯಿರಿ. ಲಾಕ್ ಫೈಲನ್ನು ಅಳಿಸಿ ಎನ್ನುವ ಸಲಹೆಯೂ ಓಡಾಡುತ್ತಿರುತ್ತದೆ, ಅದಕ್ಕೆ ಕಿವಿ ಕೊಡಬೇಡಿ. ಒಂದೇ ಹೊತ್ತಿಗೆ ಇಬ್ಬರು ಪ್ಯಾಕೇಜ್ ಡೇಟಾಬೇಸ್ ಬರೆಯಬಾರದು ಎಂದೇ ಆ ಬೀಗ ಇರುವುದು.

ಪೈಥಾನ್‌ಗೆ ವಾಪಸ್ ಬರೋಣ. ಕಾಫಿ ನರ್ಸರಿಯಲ್ಲಿ ಒಂದೊಂದು ಸಸಿಗೂ ಒಂದೊಂದು ತೊಟ್ಟೆ ಇರುತ್ತದಲ್ಲ, ಅದರ ಮಣ್ಣು ಗೊಬ್ಬರ ಅದಕ್ಕೇ, ಒಂದಕ್ಕೆ ರೋಗ ಬಂದರೆ ಆ ತೊಟ್ಟೆಯನ್ನು ಮಾತ್ರ ಎತ್ತಿ ಬಿಸಾಡುತ್ತೀರಿ. ವೆನ್ವ್ ಮಾಡುವುದೂ ಅಷ್ಟನ್ನೇ. ಪ್ರತಿ ಪ್ರಾಜೆಕ್ಟ್‌ಗೆ ಅದರದ್ದೇ ಲೈಬ್ರರಿಗಳ ಒಂದು ಫೋಲ್ಡರ್. ಲ್ಯಾಬ್‌ಗೆ ಒಂದು ಫೋಲ್ಡರ್ ಮಾಡಿ, ಅದರೊಳಗೆ ಹೋಗಿ ಇದನ್ನು ಓಡಿಸಿ:

ಪೈಥಾನ್3 -ಎಂ ವೆನ್ವ್ .ವೆನ್ವ್

ಆಮೇಲೆ ಅದನ್ನು ಚಾಲೂ ಮಾಡಿ:

ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್

ಈಗ ಟರ್ಮಿನಲ್ ಸಾಲಿನ ಶುರುವಿನಲ್ಲಿ ಕಂಸದಲ್ಲಿ ಅದರ ಹೆಸರು ಕಾಣುತ್ತದೆ. ಅದು ಕಂಡರೆ ಮಾತ್ರ ಪಿಪ್ ಬಳಸಿ. 'ಪಿಪ್ ಇನ್‌ಸ್ಟಾಲ್ ನಂಪೈ' ಅಂದರೆ ಯಾವ ತಕರಾರೂ ಇಲ್ಲದೆ ಬರುತ್ತದೆ. ಅನುಮಾನ ಇದ್ದರೆ 'ವಿಚ್ ಪೈಥಾನ್' ಅಂತ ಕೇಳಿ, ನಿಮ್ಮ ಫೋಲ್ಡರ್‌ನ ದಾರಿಯೇ ಬರಬೇಕು. ಕೆಲಸ ಮುಗಿದ ಮೇಲೆ 'ಡೀಆಕ್ಟಿವೇಟ್'. ಟರ್ಮಿನಲ್ ಹೊಸದಾಗಿ ತೆರೆದಾಗಲೆಲ್ಲ ಮತ್ತೆ ಆಕ್ಟಿವೇಟ್ ಮಾಡಬೇಕು. ಮೊದಲ ವಾರ ಇದು ಮರೆಯುತ್ತದೆ, ನಂಪೈ ಇಲ್ಲ ಎಂದು ಎರರ್ ಬರುತ್ತದೆ. ಕಂಸ ಇದೆಯೇ ಎಂದು ಒಮ್ಮೆ ಕಣ್ಣು ಹಾಯಿಸಿ, ಅಷ್ಟೇ.

ಪ್ರತಿ ಪ್ರಾಜೆಕ್ಟ್‌ಗೂ ನಂಪೈ, ಪಾಂಡಾಸ್ ಮತ್ತೆ ಮತ್ತೆ ಡೌನ್‌ಲೋಡ್ ಆದರೆ ಡೇಟಾ ಏನಾಗಬೇಕು ಎಂಬ ಚಿಂತೆ ನಿಮಗೆ ಬಂದಿರುತ್ತದೆ. ಬೇಡ. ಪಿಪ್ ಒಮ್ಮೆ ತಂದ ಫೈಲ್‌ಗಳನ್ನು ಹೋಮ್ ಫೋಲ್ಡರ್‌ನ ಕ್ಯಾಶ್‌ನಲ್ಲಿ ಇಟ್ಟುಕೊಂಡಿರುತ್ತದೆ. ಎರಡನೇ ವೆನ್ವ್‌ನಲ್ಲಿ ಅದೇ ಆವೃತ್ತಿ ಕೇಳಿದರೆ ಅಲ್ಲಿಂದಲೇ ಕೊಡುತ್ತದೆ. ಡಿಸ್ಕ್ ಜಾಗ ಮಾತ್ರ ಪ್ರತಿ ಸಲ ಹಿಡಿಯುತ್ತದೆ. ನಿಮಗೆ 500 ಜಿಬಿ ಇದೆ, ಯೋಚನೆ ಇಲ್ಲ. ನಿಜ ಹೇಳಬೇಕೆಂದರೆ, ಮೊದಲ ಸೆಮಿಸ್ಟರ್‌ನ ಎಲ್ಲಾ ಲ್ಯಾಬ್ ಪ್ರೋಗ್ರಾಂಗಳಿಗೆ ಒಂದೇ ವೆನ್ವ್ ಸಾಕು. ಪ್ರಾಜೆಕ್ಟ್ ಬಂದಾಗ ಬೇರೆ ಮಾಡಿ.

ಎರಡು ಮೂರು ಎಚ್ಚರ. ವೆನ್ವ್ ಇರುವ ಫೋಲ್ಡರ್‌ನ ಹೆಸರು ಬದಲಿಸಿದರೆ, ಬೇರೆ ಕಡೆಗೆ ಸರಿಸಿದರೆ ಅದು ಕೆಲಸ ಮಾಡುವುದಿಲ್ಲ. ಅದರೊಳಗೆ ಪೂರ್ತಿ ದಾರಿ ಬರೆದಿರುತ್ತದೆ. ರಿಪೇರಿಗೆ ಹೋಗಬೇಡಿ. .ವೆನ್ವ್ ಫೋಲ್ಡರ್ ಅಳಿಸಿ ಹೊಸದು ಮಾಡಿ. ಅದಕ್ಕೆ ಮೊದಲೇ 'ಪಿಪ್ ಫ್ರೀಜ್' ಕೊಟ್ಟು ಬಂದ ಪಟ್ಟಿಯನ್ನು ರಿಕ್ವೈರ್‌ಮೆಂಟ್ಸ್ ಎಂಬ ಟೆಕ್ಸ್ಟ್ ಫೈಲ್‌ನಲ್ಲಿ ಇಟ್ಟುಕೊಂಡಿದ್ದರೆ ಎರಡು ನಿಮಿಷದ ಕೆಲಸ. ನಿಮ್ಮ ಪ್ರೋಗ್ರಾಂ ಫೈಲ್‌ಗಳನ್ನು .ವೆನ್ವ್ ಒಳಗೆ ಇಡಬೇಡಿ, ಪಕ್ಕದಲ್ಲಿ ಇಡಿ. ಮತ್ತೆ, ಟಿಕಿಂಟರ್ ಎಂಬ ವಿಂಡೋ ಮಾಡುವ ಲೈಬ್ರರಿಯನ್ನು ಪಿಪ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ಅದು ಪೈಥಾನ್ ಜೊತೆಗೇ ಬರುವಂಥದ್ದು, ಉಬುಂಟು ಮತ್ತು ಮಿಂಟ್‌ನಲ್ಲಿ ಬೇರೆ ಪ್ಯಾಕೇಜ್ ಮಾಡಿಟ್ಟಿದ್ದಾರೆ. ಮೇಲಿನ ಪಟ್ಟಿಯಲ್ಲಿ 'ಪೈಥಾನ್3-ಟಿಕೆ' ಹಾಕಿದ್ದು ಅದಕ್ಕೇ.

ಸಿ ಲ್ಯಾಬ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಬಿಲ್ಡ್-ಎಸೆನ್ಷಿಯಲ್ ಹಾಕಿದರೆ ಜಿಸಿಸಿ (ಸಿ ಕಂಪೈಲರ್), ಜಿ++, ಮೇಕ್, ಬೇಕಾದ ಹೆಡರ್ ಫೈಲ್‌ಗಳು ಎಲ್ಲಾ ಬರುತ್ತವೆ. ಆದರೆ ಎಷ್ಟೋ ಕಾಲೇಜುಗಳ ಲ್ಯಾಬ್ ಪುಸ್ತಕಗಳು ಇನ್ನೂ ಟರ್ಬೋ ಸಿ ಎಂಬ ಹಳೇ ಕಂಪೈಲರ್ ಕಾಲದಲ್ಲೇ ಇವೆ. ಬೋರ್ಲ್ಯಾಂಡ್ ಕಂಪನಿ ಅದನ್ನು 1987ರಲ್ಲಿ ಡಾಸ್ ಎಂಬ ಹಳೇ ಆಪರೇಟಿಂಗ್ ಸಿಸ್ಟಂಗೆಂದು ತಂದದ್ದು. ಆ ಪುಸ್ತಕದ ಪ್ರೋಗ್ರಾಂ ಹಾಗೇ ಟೈಪ್ ಮಾಡಿ ಜಿಸಿಸಿಗೆ ಕೊಟ್ಟರೆ ಮೊದಲ ಸಾಲಿನಲ್ಲೇ 'ಕೋನಿಯೋ.ಎಚ್: ನೋ ಸಚ್ ಫೈಲ್' ಎನ್ನುತ್ತದೆ. ಕೋನಿಯೋ ಎನ್ನುವುದು ಸಿ ಭಾಷೆಯ ಭಾಗವೇ ಅಲ್ಲ, ಡಾಸ್ ಕಂಪೈಲರ್‌ಗಳು ಕೊಡುತ್ತಿದ್ದ ಹೆಚ್ಚುವರಿ. ಆ ಸಾಲು ತೆಗೆಯಿರಿ. ಅದರ ಜೊತೆ 'ಕ್ಲಿಯರ್ ಸ್ಕ್ರೀನ್' ಮಾಡುವ ಕ್ಲರ್‌ಸ್ಕ್ರ್, ಕೊನೆಯ ಗೆಟ್‌ಸಿಎಚ್ ಎರಡನ್ನೂ ತೆಗೆಯಿರಿ. ಔಟ್‌ಪುಟ್ ನೋಡುವ ಮೊದಲೇ ವಿಂಡೋ ಮುಚ್ಚಿಕೊಳ್ಳಬಾರದು ಎಂದು ಗೆಟ್‌ಸಿಎಚ್ ಹಾಕುತ್ತಿದ್ದರು. ಟರ್ಮಿನಲ್‌ನಲ್ಲಿ ಆ ಸಮಸ್ಯೆಯೇ ಇಲ್ಲ. 'ವಾಯ್ಡ್ ಮೇನ್' ಬದಲು 'ಇಂಟ್ ಮೇನ್' ಬರೆಯಿರಿ, ಕೊನೆಗೆ 'ರಿಟರ್ನ್ 0'. ಸಾಲು ಓದಲು ಗೆಟ್ಸ್ ಬಳಸಿದ್ದರೆ ಎಫ್‌ಗೆಟ್ಸ್ ಮಾಡಿ. ಗೆಟ್ಸ್ ಅಪಾಯಕಾರಿ ಎಂದು 2011ರ ಸಿ ಸ್ಟಾಂಡರ್ಡ್‌ನಿಂದಲೇ ತೆಗೆದುಹಾಕಿದ್ದಾರೆ.

ಪ್ರೋಗ್ರಾಂ ಕಂಪೈಲ್ ಆದ ಮೇಲೂ ಉತ್ತರ ಪುಸ್ತಕಕ್ಕಿಂತ ಬೇರೆ ಬರುವ ಒಂದು ಜಾಗ ಇದೆ. ಟರ್ಬೋ ಸಿಯಲ್ಲಿ ಇಂಟ್ ಎಂದರೆ 2 ಬೈಟ್, ಅದರಲ್ಲಿ 32767ಕ್ಕಿಂತ ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ. 40000 ಹಾಕಿ ಪ್ರಿಂಟ್ ಮಾಡಿದರೆ -25536 ಎಂದು ಬರುತ್ತಿತ್ತು. ನಿಮ್ಮ ಜಿಸಿಸಿಯಲ್ಲಿ ಇಂಟ್ 4 ಬೈಟ್, 40000 ಸರಿಯಾಗೇ ಬರುತ್ತದೆ. ಸೈಜ್‌ಆಫ್ ಪ್ರೋಗ್ರಾಂ ಮಾಡಿದಾಗ ಪುಸ್ತಕದಲ್ಲಿ 2 ಇದ್ದು ನಿಮಗೆ 4 ಬಂದರೆ ನಿಮ್ಮದು ತಪ್ಪಲ್ಲ. ವೈವಾದಲ್ಲಿ ಕೇಳಿದರೆ 'ಕಂಪೈಲರ್ ಮೇಲೆ ಹೋಗುತ್ತದೆ, ಸರ್' ಎಂದು ಎರಡೂ ಅಂಕಿ ಹೇಳಿ. ಅದೇ ಸರಿಯಾದ ಉತ್ತರ.

ಕಂಪೈಲ್ ಮಾಡುವ ಸಾಲು ಹೀಗಿರಲಿ:

ಜಿಸಿಸಿ -ವಾಲ್ ಫೈಲ್‌ಹೆಸರು.ಸಿ -ಓ ಹೆಸರು -ಎಲ್‌ಎಂ

'ವಾಲ್'ನಲ್ಲಿ ಡಬ್ಲ್ಯು ಒಂದೇ ಅಕ್ಷರ ದೊಡ್ಡದು, ಉಳಿದವು ಸಣ್ಣವು. ಸಾಮಾನ್ಯವಾಗಿ ಬೇಕಾಗುವ ಎಚ್ಚರಿಕೆಗಳನ್ನೆಲ್ಲ ತೋರಿಸು ಎಂದು ಅದರ ಅರ್ಥ, ಕಲಿಯುವವರು ಅದನ್ನು ಬಿಡಲೇಬಾರದು. ಕೊನೆಯ 'ಎಲ್‌ಎಂ' ಗಣಿತದ ಲೈಬ್ರರಿಗೆ. ವರ್ಗಮೂಲದ ಪ್ರೋಗ್ರಾಂನಲ್ಲಿ 'ಅನ್‌ಡಿಫೈನ್ಡ್ ರೆಫರೆನ್ಸ್' ಬಂದರೆ ಅದು ಬಿಟ್ಟುಹೋಗಿದೆ ಎಂದರ್ಥ. ಸಾಲಿನ ಕೊನೆಯಲ್ಲೇ ಇರಬೇಕು. ಓಡಿಸುವಾಗ ಹೆಸರಿಗೆ ಮೊದಲು ಚುಕ್ಕೆ, ಸ್ಲ್ಯಾಶ್ ಹಾಕಿ. ನೀವಿರುವ ಫೋಲ್ಡರ್‌ನಲ್ಲಿ ಲಿನಕ್ಸ್ ತಾನಾಗಿ ಪ್ರೋಗ್ರಾಂ ಹುಡುಕುವುದಿಲ್ಲ, 'ಇಲ್ಲೇ ಇದೆ' ಎಂದು ನೀವು ತೋರಿಸಬೇಕು.

ಜಾವಾ ಸುಲಭ. ಡಿಫಾಲ್ಟ್-ಜೆಡಿಕೆ ಹಾಕಿದರೆ ನಿಮ್ಮ ಮಿಂಟ್‌ನಲ್ಲಿ ಓಪನ್‌ಜೆಡಿಕೆ 21 ಬರುತ್ತದೆ. ಹೆಸರಿನ ಕೊನೆಯಲ್ಲಿ 'ಹೆಡ್‌ಲೆಸ್' ಎಂದಿರುವುದನ್ನು ತೆಗೆದುಕೊಳ್ಳಬೇಡಿ, ಸ್ವಿಂಗ್ ಪ್ರೋಗ್ರಾಂಗಳ ವಿಂಡೋ ತೆರೆಯುವುದಿಲ್ಲ. ಸಿಲಬಸ್‌ನಲ್ಲಿ ಇನ್ನೂ ಆಪ್ಲೆಟ್ (ವೆಬ್ ಪುಟದೊಳಗೆ ಓಡುತ್ತಿದ್ದ ಪುಟ್ಟ ಜಾವಾ ಪ್ರೋಗ್ರಾಂ) ಇದ್ದರೆ ಮಾತ್ರ ಒಂದು ತೊಡಕು. ಅದನ್ನು ಓಡಿಸುವ ಆಪ್ಲೆಟ್‌ವ್ಯೂವರ್ ಅನ್ನು ಜೆಡಿಕೆ 11ರಲ್ಲೇ ತೆಗೆದುಬಿಟ್ಟರು. ಆಗ ಓಪನ್‌ಜೆಡಿಕೆ 8 ಅನ್ನೂ ಆಪ್ಟ್‌ನಿಂದಲೇ ಹಾಕಿಕೊಳ್ಳಿ. ಎರಡೂ ಒಟ್ಟಿಗೆ ಇರಬಹುದು. ಯಾವುದು ಬೇಕು ಎನ್ನುವುದನ್ನು 'ಸುಡೊ ಅಪ್‌ಡೇಟ್-ಆಲ್ಟರ್ನೇಟಿವ್ಸ್ --ಕಾನ್ಫಿಗ್ ಜಾವಾ' ಕೊಟ್ಟು ಆರಿಸಿ, 'ಜಾವಾಸಿ' ಎಂಬ ಜಾವಾ ಕಂಪೈಲರ್‌ಗೂ ಹಾಗೇ ಇನ್ನೊಮ್ಮೆ ಮಾಡಿ.

ಮೈಎಸ್‌ಕ್ಯೂಎಲ್ ಜಾಗದಲ್ಲಿ ಮರಿಯಾಡಿಬಿ ಹಾಕಲು ಹೇಳಿದ್ದೇನೆ. ಮೈಎಸ್‌ಕ್ಯೂಎಲ್‌ನಿಂದಲೇ ಕವಲೊಡೆದು 2009ರಲ್ಲಿ ಹುಟ್ಟಿದ್ದು. ಬಿಸಿಎ ಲ್ಯಾಬ್‌ನ ಕ್ವೆರಿಗಳೆಲ್ಲ ಹಾಗೇ ಓಡುತ್ತವೆ, 4 ಜಿಬಿಗೆ ಹಗುರ. ಇನ್‌ಸ್ಟಾಲ್ ಆದ ಮೇಲೆ ರೂಟ್ ಪಾಸ್‌ವರ್ಡ್ ಏನು ಎಂದು ಹುಡುಕುತ್ತಾ ಕೂರಬೇಡಿ, ಅದಿಲ್ಲ. 'ಸುಡೊ ಮರಿಯಾಡಿಬಿ' ಎಂದರೆ ಒಳಗೆ ಬಿಡುತ್ತದೆ. ಒಳಗೆ ಹೋಗಿ ಲ್ಯಾಬ್‌ಗೆ ಒಂದು ಡೇಟಾಬೇಸ್, ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಆ ಡೇಟಾಬೇಸ್ ಮೇಲೆ ಅನುಮತಿ ಕೊಡಿ. ಆಮೇಲಿಂದ ಆ ಯೂಸರ್ ಹೆಸರಿನಲ್ಲೇ ಕೆಲಸ ಮಾಡಿ. ಇದು ಲ್ಯಾಪ್‌ಟಾಪ್ ಆನ್ ಆದಾಗೆಲ್ಲ ತಾನೂ ಎದ್ದು ಕೂರುತ್ತದೆ. 'ಸುಡೊ ಸಿಸ್ಟಂಸಿಟಿಎಲ್ ಡಿಸೇಬಲ್ --ನೌ ಮರಿಯಾಡಿಬಿ' ಎಂದು ಒಮ್ಮೆ ಹೇಳಿಬಿಡಿ. ಬೇಕಾದ ದಿನ 'ಡಿಸೇಬಲ್ --ನೌ' ಜಾಗದಲ್ಲಿ 'ಸ್ಟಾರ್ಟ್' ಎಂದರೆ ಸಾಕು.

ಗಿಟ್ ನಿಮ್ಮ ಪಟ್ಟಿಯಲ್ಲಿ ಇರಲಿಲ್ಲ, ನಾನೇ ಸೇರಿಸಿದ್ದೇನೆ. ಫೈಲ್‌ಗಳ ಹಿಂದಿನ ಆವೃತ್ತಿಗಳನ್ನು ಕಾಪಾಡಿ ಇಡುವ ಟೂಲ್ ಅದು. ಲೈನಸ್ ಟೋರ್ವಾಲ್ಡ್ಸ್ ಲಿನಕ್ಸ್ ಕರ್ನಲ್ ಕೆಲಸಕ್ಕೆಂದು 2005ರಲ್ಲಿ ಬರೆದದ್ದು. ನೆಟ್‌ವರ್ಕ್ ಇಲ್ಲದೆಯೂ ಪೂರ್ತಿ ಕೆಲಸ ಮಾಡುತ್ತದೆ ಎನ್ನುವುದು ಮೂಡಿಗೆರೆ ಕಡೆಯವರಿಗೆ ದೊಡ್ಡ ಅನುಕೂಲ. ಮನೆಯಲ್ಲಿ ಒಂದು ಪ್ರೋಗ್ರಾಂ ಸರಿಯಾಗಿ ಓಡಿದ ತಕ್ಷಣ ಕಮಿಟ್ ಮಾಡಿ, ಅಂದರೆ ಆ ಆವೃತ್ತಿಯನ್ನು ದಾಖಲಿಸಿ. ಕರೆಂಟ್ ಹೋಗಿ ಫೈಲ್ ಹಾಳಾದರೂ ಹಿಂದಿನದು ಸಿಗುತ್ತದೆ. ಕಾಲೇಜಿಗೆ ಹೋದಾಗ ಪುಶ್ ಮಾಡಿ, ಅಂದರೆ ಆನ್‌ಲೈನ್ ನಕಲಿಗೆ ಕಳಿಸಿ. .ವೆನ್ವ್ ಫೋಲ್ಡರ್ ಮಾತ್ರ ಅದರಲ್ಲಿ ಸೇರಿಸಬೇಡಿ. ಅದರ ಹೆಸರನ್ನು ಗಿಟ್‌ಇಗ್ನೋರ್ ಫೈಲ್‌ನಲ್ಲಿ ಬರೆಯಿರಿ.

ಒಂದು ವಿಷಯ ನನಗೆ ತುಂಬಾ ಇಷ್ಟ, ಅದಕ್ಕೆ ಹೇಳುತ್ತೇನೆ. ವೆನ್ವ್ ಮಾಡಿದ ದಿನ ಪೈಥಾನ್ ತೆರೆದು ಕನ್ನಡದಲ್ಲಿ ಒಂದು ಪ್ರಯೋಗ ಮಾಡಿ. 'ಕನ್ನಡ' ಎಂಬ ಪದದ ಉದ್ದವನ್ನು ಲೆನ್ ಫಂಕ್ಷನ್‌ಗೆ ಕೇಳಿ. ಕಣ್ಣಿಗೆ ಮೂರು ಅಕ್ಷರ, ಉತ್ತರ 5. ಕ, ನ, ಹಲಂತ ಚಿಹ್ನೆ (್), ನ, ಡ ಎಂದು ಯೂನಿಕೋಡ್ ಅದನ್ನು ಐದು ಸಂಕೇತವಾಗಿ ಇಡುತ್ತದೆ. ಅದನ್ನೇ ಯುಟಿಎಫ್-8ಗೆ ಬದಲಿಸಿ ಎಣಿಸಿದರೆ 15 ಬೈಟ್, ಏಕೆಂದರೆ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಇಂಗ್ಲಿಷ್ ಪದಗಳಲ್ಲೇ ಅಭ್ಯಾಸ ಮಾಡಿದವರಿಗೆ ಅಕ್ಷರ ಬೇರೆ, ಬೈಟ್ ಬೇರೆ ಎನ್ನುವುದು ವರ್ಷಗಟ್ಟಲೆ ಗೊತ್ತಾಗುವುದಿಲ್ಲ. ನಮಗೆ ಮೊದಲ ದಿನವೇ ಗೊತ್ತಾಗುತ್ತದೆ. ಟರ್ಮಿನಲ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ನಿಮ್ಮ ಪ್ರೋಗ್ರಾಂ ತಪ್ಪಲ್ಲ, ಟರ್ಮಿನಲ್‌ಗೆ ಅಕ್ಷರ ಜೋಡಿಸುವುದು ಸರಿಯಾಗಿ ಬರುವುದಿಲ್ಲ. ಅದೇ ಔಟ್‌ಪುಟ್ ಫೈಲ್‌ಗೆ ಬರೆದು ಎಡಿಟರ್‌ನಲ್ಲಿ ತೆರೆದರೆ ಚೆನ್ನಾಗಿ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ 'ಫಾಂಟ್ಸ್-ಕೆಎನ್‌ಡಿಎ' ಎಂಬ ಪ್ಯಾಕೇಜ್ ಹಾಕಿ, ಗುಬ್ಬಿ, ನವಿಲು ಎಂಬ ಎರಡು ಕನ್ನಡ ಫಾಂಟ್ ಬರುತ್ತವೆ.

ಕೊನೆಗೆ ವಿಎಸ್ ಕೋಡ್. ಓಡುತ್ತದೆ. ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ಜೊತೆಗಿದ್ದರೆ ನಿಮ್ಮ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ. ಮೊದಲ ವರ್ಷದ ಕೆಲಸಕ್ಕೆ ಗೀನಿ ಎಂಬ ಎಡಿಟರ್ ಸಾಕು. ಅದು ಹಗುರ, ತಕ್ಷಣ ತೆರೆಯುತ್ತದೆ. ಎಫ್9 ಒತ್ತಿದರೆ ಸಿ ಪ್ರೋಗ್ರಾಂ ಬಿಲ್ಡ್ ಆಗುತ್ತದೆ, ಎಫ್5 ಒತ್ತಿದರೆ ಓಡುತ್ತದೆ. ಜಾವಾ ಆದರೆ ಎಫ್8, ಆಮೇಲೆ ಎಫ್5. ಪೈಥಾನ್‌ನಲ್ಲಿ ಮಾತ್ರ ಗೀನಿ ಸಿಸ್ಟಂ ಪೈಥಾನ್ ಅನ್ನೇ ಕರೆಯುತ್ತದೆ, ಹಾಗಾಗಿ ನಂಪೈ ಇರುವ ಪ್ರೋಗ್ರಾಂಗಳನ್ನು ವೆನ್ವ್ ಆಕ್ಟಿವೇಟ್ ಮಾಡಿದ ಟರ್ಮಿನಲ್‌ನಿಂದ ಓಡಿಸಿ. ವಿಎಸ್ ಕೋಡ್ ಬೇಕೇ ಬೇಕು ಎನಿಸಿದರೆ ಅದರ ಅಧಿಕೃತ ತಾಣದಿಂದ ಡೆಬ್ ಫೈಲ್ (ಆಪ್ಟ್ ಹಾಕಬಲ್ಲ ಪ್ಯಾಕೇಜ್) ತನ್ನಿ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಫ್ಲಾಟ್‌ಪ್ಯಾಕ್ ಎಂದು ಗುರುತು ಇರುವುದು ಬೇಡ. ಫ್ಲಾಟ್‌ಪ್ಯಾಕ್ ತನ್ನ ಜೊತೆ ನೂರಾರು ಎಂಬಿಯ ರನ್‌ಟೈಮ್ ಎಳೆದು ತರುತ್ತದೆ, ನಿಮ್ಮ ಒಂದು ದಿನದ ಡೇಟಾ ಅಲ್ಲೇ ಕರಗಬಹುದು. ಅದು ಸಿಸ್ಟಂನಿಂದ ಬೇರೆಯಾಗಿ ಗೋಡೆಯೊಳಗೆ ಓಡುವುದರಿಂದ ನೀವು ಕಷ್ಟಪಟ್ಟು ಹಾಕಿದ ಜಿಸಿಸಿ, ಜೆಡಿಕೆ ಅದರ ಕಣ್ಣಿಗೆ ನೇರವಾಗಿ ಬೀಳುವುದೂ ಇಲ್ಲ.

ಚಿಕ್ಕಪ್ಪನ ಹತ್ತಿರ ಇನ್ನೊಂದು ಸಹಾಯ ಕೇಳಬಹುದಾದರೆ ಹಾರ್ಡ್ ಡಿಸ್ಕ್ ಬದಲು ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಕೇಳಿ. ರ‍್ಯಾಮ್ ಹೆಚ್ಚಿಸುವುದಕ್ಕಿಂತ ಮೊದಲು ಅದು. ಆ ಕಾಲದ ಲ್ಯಾಪ್‌ಟಾಪ್‌ಗಳು ನಿಧಾನ ಅನಿಸುವುದು ಹೆಚ್ಚಾಗಿ ತಿರುಗುವ ಡಿಸ್ಕ್‌ನಿಂದಲೇ. ಚಿಕ್ಕಮಗಳೂರಿನ ರಿಪೇರಿ ಅಂಗಡಿಯಲ್ಲಿ ನಾಲ್ಕು ಸ್ಕ್ರೂ ಬಿಚ್ಚಿ ಹಾಕಿಕೊಡುತ್ತಾರೆ. ಹಳೇ ಡಿಸ್ಕ್ ಬಿಟ್ಟು ಬರಬೇಡಿ, ವಾಪಸ್ ತನ್ನಿ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ, ಅಷ್ಟರಲ್ಲಿ ನಿಮ್ಮ ಬಿಸಿಎ ಮುಗಿದಿರುತ್ತದೆ. ಜಾವಾ ಲ್ಯಾಬ್‌ನಲ್ಲಿ ಆಪ್ಲೆಟ್ ಇದೆಯೋ ಇಲ್ಲವೋ ನೋಡಿಕೊಂಡು, ಇದ್ದರೆ ಓಪನ್‌ಜೆಡಿಕೆ 8ರ ಹೆಸರನ್ನೂ ಆ ಡೌನ್‌ಲೋಡ್ ಸಾಲಿಗೇ ಸೇರಿಸಿ. ಎರಡು ಸಲ ವೈಫೈ ಹುಡುಕುವುದು ತಪ್ಪುತ್ತದೆ.